ಏಪ್ರಿಲ್ ಬಿಸಿಲಲ್ಲಿ ಮೌಂಟನ್ ಬೈಕ್ ರೇಸ್: ನೀರಿನ ಲೆಕ್ಕ ಮೊದಲು

ಪಾಂಡವಪುರದ ಹತ್ತಿರದ ರೇಸ್ ಅದು. ಏಳಕ್ಕೆ ಶುರು ಅಂದಿದ್ದರು, ಬಿಟ್ಟಿದ್ದು ಒಂಬತ್ತೂವರೆಗೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ನೀರಿನ ಟೇಬಲ್ ಮೇಲೆ ಖಾಲಿ ಕ್ಯಾನ್ ಮಾತ್ರ ಇತ್ತು. ನನ್ನ ಹಿಂದಿದ್ದ ಹುಡುಗ ಕಬ್ಬಿನ ಗದ್ದೆ ಬದಿಯಲ್ಲಿ ಕುಸಿದು ಕೂತ. ಅವನ ತಲೆಗೆ ಪಂಪ್‌ಸೆಟ್ ನೀರು ಸುರಿದು ಕಾಪಾಡಿದವರು ಆ ಗದ್ದೆಯ ಯಜಮಾನರು. ಅವರನ್ನು ನಾನು ಮರೆಯಲಾರೆ.

ಅದಕ್ಕೇ ಹೇಳುತ್ತೇನೆ, ಬೇರೆಯವರ ನೀರು ನಂಬಿ ಹೊರಡಬೇಡಿ. ಎರಡು ಬಾಟಲಿ ಇಟ್ಟುಕೊಳ್ಳಿ. ಒಂದರಲ್ಲಿ ಬರೀ ನೀರು. ಇನ್ನೊಂದಕ್ಕೆ 1 ಲೀಟರ್‌ಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಗುಟುಕು ಗುಟುಕಾಗಿ ಕುಡಿಯಿರಿ. ಒಂದೇ ಸಲ ಜಾಸ್ತಿ ಕುಡಿದರೆ ಹೊಟ್ಟೆ ತೊಳಸುತ್ತದೆ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ಮೊದಲೇ ಸ್ವಲ್ಪ ಸ್ವಲ್ಪ ಓಡಿಸಿ. ಜಾಲಿ ಮುಳ್ಳು ಎಲ್ಲ ಕಡೆ ಇರುತ್ತದೆ, ಒಂದು ಟ್ಯೂಬ್ ಜೊತೆಗಿರಲಿ.

ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ ಅವರ ರೇಸ್ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ತಂದು ಮೈಪೂರ್ತಿ ನೀರು ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿಸಿ. ಬೆವರು ಬರುತ್ತಿದೆಯಲ್ಲ, ಏನೂ ಆಗಿಲ್ಲ ಅಂದುಕೊಳ್ಳಬೇಡಿ. ಬೆವರುತ್ತಿರುವಾಗಲೂ ಬಿಸಿಲಿನ ಆಘಾತ ಆಗಬಹುದು.

ರೇಸ್ ನಡೆಸುವವರಿಗೂ ಒಂದು ಮಾತು. ಬೆಳಗ್ಗೆ ಆರಕ್ಕೇ ಬಿಡಿ. ನೀರನ್ನು ಏರಿನ ತುದಿಯಲ್ಲಿಡಿ, ಎಲ್ಲರೂ ನಿಧಾನವಾಗುವುದು ಅಲ್ಲೇ ಅಲ್ವಾ? ಹೋದವರ, ಬಂದವರ ನಂಬರ್ ಬರೆದುಕೊಳ್ಳಿ. ಶುರು ತಡವಾದರೆ ಒಂದು ಸುತ್ತು ಕಡಿಮೆ ಮಾಡಿ.