ಲಂಡನ್ ನೋಡೋಕೆ ಬರ್ತಿದೀರಾ? ಅಪ್ಪ ಅಮ್ಮನ ಜೊತೆ ಆರಾಮಾಗಿ ಸುತ್ತೋದು ಹೀಗೆ

ಏಪ್ರಿಲ್ ಬಂತು ಅಂದ್ರೆ ಊರಿಂದ ಫೋನ್ ಶುರು, ಮಕ್ಕಳಿಗೆ ರಜಾ ಇದೆ, ಲಂಡನ್‌ಗೆ ಬರ್ತಿದೀವಿ, ಏನೇನು ನೋಡ್ಬೇಕು ಒಂದ್ ಲಿಸ್ಟ್ ಕಳ್ಸು ಅಂತ. ಲಿಸ್ಟ್ ಎಲ್ಲಿ ಬೇಕಾದ್ರೂ ಸಿಗತ್ತೆ. ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗ್ಬೇಕು, ಯಾವುದರ ಪಕ್ಕ ಯಾವುದಿದೆ, ಎಲ್ಲಿ ದುಡ್ಡು ಕೊಡ್ಬೇಕು ಎಲ್ಲಿ ಬೇಡ, ಇದು ಗೊತ್ತಿಲ್ದೆ ಬಂದ್ರೆ ಕಾಲು ನೋವು ಒಂದೇ ಉಳಿಯೋದು.

ಮೊದಲನೇ ಸಲ ಅಪ್ಪ ಅಮ್ಮ ಬಂದಾಗ ಒಂದೇ ದಿನದಲ್ಲಿ ಎಲ್ಲಾ ತೋರಿಸ್ತೀವಿ ಅನ್ನೋ ಟೂರ್ ಬುಕ್ ಮಾಡಿದ್ದೆ. ಬಸ್ಸಿನ ಕಿಟಕಿಯಿಂದ ಅದು ನೋಡಿ ಇದು ನೋಡಿ ಅಂತ ಹೇಳ್ತಾ ಹೋದ್ರು, ಇಳಿಯೋಕೆ ಕೊಟ್ಟಿದ್ದು ಎರಡು ಕಡೆ, ಅಲ್ಲೂ ಇಪ್ಪತ್ತೇ ನಿಮಿಷ. ರಾತ್ರಿ ಅಮ್ಮನ ಫೋನ್ ತೆಗೆದು ನೋಡಿದ್ರೆ ಎಲ್ಲಾ ಫೋಟೋದಲ್ಲೂ ಗಾಜಿನ ಮೇಲಿನ ಮಳೆ ಹನಿ, ಅದರ ಹಿಂದೆ ಮಸುಕು ಮಸುಕಾಗಿ ಬಿಗ್ ಬೆನ್. "ಪಂಕ್ತೀಲಿ ಕೂತು ಎಲೆ ನೋಡ್ಕೊಂಡು ಎದ್ದ ಹಾಗಾಯ್ತು ಕಣೋ" ಅಂದ್ರು. ಆ ಮಾತು ನನಗೆ ತುಂಬಾ ದಿನ ಕಾಡ್ತು. ಮುಂದಿನ ಸಲ ಬಂದಾಗ ನಾವೇ ಒಂದು ನಿಯಮ ಮಾಡ್ಕೊಂಡ್ವಿ, ಟಿಕೆಟ್ ತಗೊಂಡು ಒಳಗೆ ಹೋಗೋ ಜಾಗ ದಿನಕ್ಕೆ ಒಂದೇ, ಉಳಿದಿದ್ದೆಲ್ಲ ನಡ್ಕೊಂಡು, ಕೂತ್ಕೊಂಡು, ಪುಕ್ಕಟೆ. ಆಮೇಲೆ ಬಂದ ನೆಂಟರಿಗೆಲ್ಲ ಇದನ್ನೇ ಹೇಳ್ತಾ ಬಂದಿದೀನಿ.

ಹೊರಡೋ ಮುಂಚಿನ ವಿಷಯ ಬೇಗ ಮುಗಿಸ್ತೀನಿ. ಪ್ಯಾರಿಸ್‌ಗೆ ತಗೊಂಡ ಶೆಂಗೆನ್ ವೀಸಾ ಲಂಡನ್‌ಗೆ ನಡೆಯಲ್ಲ, ಬ್ರಿಟನ್ ವಿಸಿಟರ್ ವೀಸಾ ಬೇರೇನೇ ಮಾಡಿಸ್ಬೇಕು. ಮೇ, ಜೂನ್, ಸೆಪ್ಟೆಂಬರ್ ಒಳ್ಳೆ ತಿಂಗಳು, ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರತ್ತೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಯಾವ ತಿಂಗಳಾದ್ರೂ ಒಂದು ತೆಳ್ಳಗಿನ ಮಳೆ ಜಾಕೆಟ್ ಬ್ಯಾಗಲ್ಲಿ ಇರ್ಲಿ. ಅಮ್ಮಂದಿರು ಸೀರೆ ಉಟ್ರೂ ಪರವಾಗಿಲ್ಲ, ಕಾಲಿಗೆ ಮಾತ್ರ ಚಪ್ಪಲಿ ಬೇಡ, ಶೂಸ್ ಹಾಕ್ಸಿ, ಅದನ್ನೂ ಊರಲ್ಲೇ ಹದಿನೈದು ದಿನ ಹಾಕ್ಕೊಂಡು ವಾಕಿಂಗ್ ಮಾಡಿ ಅಭ್ಯಾಸ ಮಾಡಿಸ್ಕೊಂಡು ಕರ್ಕೊಂಡ್ ಬನ್ನಿ.

ಹೀಥ್ರೂ ಏರ್‌ಪೋರ್ಟಿಂದ ಊರೊಳಗೆ ಬರೋಕೆ ಟ್ಯಾಕ್ಸಿ ಬೇಕಿಲ್ಲ. ಪಿಕ್ಕಡಿಲಿ ಲೈನ್ ಟ್ಯೂಬ್, ಅಂದ್ರೆ ಇಲ್ಲಿನ ಮೆಟ್ರೋ, ಕಡಿಮೆ ರೇಟು, ಸುಮಾರು ಒಂದು ಗಂಟೆ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಸ್ವಲ್ಪ ಜಾಸ್ತಿ ದುಡ್ಡು, ಆದ್ರೆ ಬೇಗ ಬಿಡತ್ತೆ, ಸೂಟ್‌ಕೇಸ್ ಇಡೋಕೆ ಜಾಗಾನೂ ಚೆನ್ನಾಗಿದೆ. ಟಿಕೆಟ್ ಅಂತ ಬೇರೆ ತಗೊಳ್ಳೋದು ಬೇಡ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಗೇಟಿಗೆ ಮುಟ್ಟಿಸಿದ್ರೆ ಆಯ್ತು, ಆದ್ರೆ ಚಾರ್ಜ್ ಕೊಡ್ಬೇಕಾದ ಒಬ್ಬೊಬ್ರಿಗೂ ಒಂದೊಂದು ಕಾರ್ಡ್ ಬೇಕೇ ಬೇಕು, ಅಪ್ಪನ ಕಾರ್ಡಲ್ಲೇ ಎಲ್ಲರನ್ನೂ ದಾಟಿಸೋಕಾಗಲ್ಲ. ಅಷ್ಟು ಕಾರ್ಡ್ ಇಲ್ಲ ಅಂದ್ರೆ ದುಡ್ಡು ತುಂಬಿಸಿ ಬಳಸೋ ಆಯ್ಸ್ಟರ್ ಕಾರ್ಡ್ ತಗೊಳ್ಳಿ. ಬೆಳಿಗ್ಗೆ ಯಾವ ಕಾರ್ಡ್ ಮುಟ್ಟಿಸಿದ್ರೋ ರಾತ್ರಿವರೆಗೂ ಅದನ್ನೇ ಮುಟ್ಟಿಸಿ, ಯಾಕಂದ್ರೆ ಒಂದು ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕಟ್ ಆಗಲ್ಲ ಅಂತ ಲಿಮಿಟ್ ಇದೆ, ಕಾರ್ಡ್ ಬದಲಾದ್ರೆ ಆ ಲೆಕ್ಕ ತಪ್ಪತ್ತೆ. ಟ್ಯೂಬಲ್ಲಿ ಹತ್ತುವಾಗ ಇಳಿಯುವಾಗ ಎರಡು ಸಲಾನೂ ಮುಟ್ಟಿಸ್ಬೇಕು, ಬಸ್ಸಲ್ಲಿ ಹತ್ತುವಾಗ ಮಾತ್ರ. ಬಸ್ಸಲ್ಲಿ ಕ್ಯಾಶ್ ತಗೊಳ್ಳೋದೇ ಇಲ್ಲ. ಬಸ್ ಚಾರ್ಜ್ 2025ರಲ್ಲಿ 1.75 ಪೌಂಡ್ ಇತ್ತು, ಒಂದು ಗಂಟೆ ಒಳಗೆ ಇನ್ನೊಂದು ಬಸ್ ಹತ್ತಿದ್ರೆ ಮತ್ತೆ ದುಡ್ಡು ಹೋಗಲ್ಲ. ನನ್ನ ಕೇಳಿದ್ರೆ ವಯಸ್ಸಾದವರ ಜೊತೆ ಬಸ್ಸೇ ಸರಿ, ಟ್ಯೂಬ್ ಸ್ಟೇಷನ್‌ಗಳಲ್ಲಿ ಮೆಟ್ಟಿಲು ಜಾಸ್ತಿ, ಮತ್ತೆ ಡಬಲ್ ಡೆಕರ್ ಮೇಲ್ಗಡೆ ಮುಂದಿನ ಸೀಟ್ ಸಿಕ್ಕಿದ್ರೆ ಅದೇ ಒಂದು ಟೂರ್. ಟ್ರಫಾಲ್ಗರ್ ಸ್ಕ್ವೇರ್ ಕಡೆಯಿಂದ 15ನೇ ನಂಬರ್ ಬಸ್ ಹತ್ತಿ ಕೂತ್ರೆ ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಎಲ್ಲಾ ತೋರಿಸಿ ಟವರ್ ಆಫ್ ಲಂಡನ್ ಹತ್ರ ಇಳಿಸತ್ತೆ.

ಈಗ ಟವರ್ ಆಫ್ ಲಂಡನ್ ವಿಷಯ, ಹೆಸರು ಟವರ್ ಅಂತ, ಆದ್ರೆ ಇದೊಂದು ಹಳೇ ಕೋಟೆ. ಟಿಕೆಟ್ ದುಬಾರಿ, ಒಬ್ಬರಿಗೆ 30 ಪೌಂಡ್ ಮೇಲೇನೇ, ಆದ್ರೆ ದುಡ್ಡು ಕೊಟ್ಟು ಒಳಗೆ ಹೋಗೋದು ಒಂದೇ ಜಾಗ ಅಂದ್ರೆ ನಾನು ಇದನ್ನೇ ಆರಿಸ್ತೀನಿ. ಮುಂಚೇನೇ ಆನ್‌ಲೈನ್ ಬುಕ್ ಮಾಡಿ, ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರಿ, ಒಳಗೆ ಕಾಲಿಟ್ಟ ತಕ್ಷಣ ಬೇರೆ ಏನೂ ನೋಡ್ದೆ ನೇರ ಕ್ರೌನ್ ಜ್ಯುವೆಲ್ಸ್, ಅಂದ್ರೆ ರಾಜಮನೆತನದ ಕಿರೀಟ ಒಡವೆ ಇಟ್ಟಿರೋ ಕಟ್ಟಡಕ್ಕೆ ಹೋಗಿ. ಹನ್ನೊಂದು ಗಂಟೆ ಆದ್ಮೇಲೆ ಅಲ್ಲಿ ಕ್ಯೂ ಹನುಮಂತನ ಬಾಲ. ಒಳಗೆ ಕಿರೀಟಗಳ ಮುಂದೆ ನಿಂತು ನೋಡೋ ಹಾಗಿಲ್ಲ, ನೆಲಾನೇ ಚಲಿಸ್ತಾ ನಿಮ್ಮನ್ನ ಮುಂದೆ ತಗೊಂಡು ಹೋಗತ್ತೆ, ಆದ್ರೆ ಬೆಳಿಗ್ಗೆ ಬೇಗ ಹೋದ್ರೆ ಸುತ್ತಿ ಬಂದು ಮತ್ತೆ ಹತ್ತಬಹುದು, ಯಾರೂ ಬೇಡ ಅನ್ನಲ್ಲ. ಕೊಹಿನೂರ್ ಇರೋದು 1937ರಲ್ಲಿ ರಾಣಿಗೆ ಅಂತ ಮಾಡಿಸಿದ ಕಿರೀಟದಲ್ಲಿ, ಮುಂಭಾಗದಲ್ಲಿ. ನಮ್ಮಪ್ಪ ಮೂರು ಸಲ ಸುತ್ತಿ ಬಂದು ನೋಡಿದ್ರು, ಹೊರಗೆ ಬಂದು ಬೆಂಚ್ ಮೇಲೆ ಸುಮ್ನೆ ಕೂತ್ರು. ಫೋಟೋ ತೆಗೆಯೋ ಹಾಗಿಲ್ಲ, ಕ್ಯಾಮೆರಾ ಒಳಗಿಟ್ಟುಬಿಡಿ.

ಆಮೇಲೆ ಬಾಗಿಲ ಹತ್ರ ವಾಪಸ್ ಬಂದು ಯೋಮನ್ ವಾರ್ಡರ್‌ಗಳ ಟೂರ್‌ಗೆ ಸೇರ್ಕೊಳ್ಳಿ, ಟಿಕೆಟ್ ದುಡ್ಡಲ್ಲೇ ಅದೂ ಸೇರಿರತ್ತೆ. ಜನ ಇವರನ್ನ ಬೀಫೀಟರ್ ಅಂತಾರೆ. ಕನಿಷ್ಠ 22 ವರ್ಷ ಮಿಲಿಟರೀಲಿ ಸೇವೆ ಮಾಡಿದವರಿಗೆ ಮಾತ್ರ ಈ ಕೆಲಸ, ಅವರ ಸಂಸಾರ ಎಲ್ಲಾ ಕೋಟೆ ಒಳಗೇ ವಾಸ. 1536ರಲ್ಲಿ ಆನ್ ಬೊಲಿನ್ ರಾಣಿ ತಲೆ ಕಡಿದಿದ್ದು ಈ ಕೋಟೆ ಒಳಗೇನೇ, ಆ ಕಥೆನ ಇವರ ಬಾಯಲ್ಲಿ ಕೇಳ್ಬೇಕು, ನಮ್ಮ ಕಡೆ ಹರಿಕಥೆ ದಾಸರ ಹಾಗೆ ದನಿ ಏರಿಸಿ ಇಳಿಸಿ ಹೇಳ್ತಾರೆ. ಇಂಗ್ಲಿಷ್ ಪೂರ್ತಿ ಅರ್ಥ ಆಗದ ಅಮ್ಮನೂ ಕಣ್ಣು ಬಿಟ್ಕೊಂಡು ಕೇಳಿದ್ರು. ಮಧ್ಯದಲ್ಲಿರೋ ಬಿಳಿ ಕೋಟೆ ವೈಟ್ ಟವರ್, 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ ಕಟ್ಟೋಕೆ ಶುರು ಮಾಡಿಸಿದ್ದು, ಒಳಗೆ ಸುರುಳಿ ಮೆಟ್ಟಿಲಿದೆ, ಮಂಡಿ ನೋವಿರೋರು ಹೊರಗೆ ಕಾಗೆಗಳನ್ನ ನೋಡ್ತಾ ಕೂರೋದೇ ಒಳ್ಳೇದು. ಅವು ನಮ್ಮ ಕಾಗೆಗಿಂತ ತುಂಬಾ ದೊಡ್ಡವು, ರೇವನ್ ಅಂತ, ಕೊನೆ ಪಕ್ಷ ಆರಾದ್ರೂ ಇಲ್ಲಿರ್ಬೇಕು, ಇಲ್ಲಾಂದ್ರೆ ರಾಜ್ಯ ಬಿದ್ದೋಗತ್ತೆ ಅನ್ನೋ ನಂಬಿಕೆ, ಅದಕ್ಕೆ ನೋಡ್ಕೊಳ್ಳೋಕೆ ಅಂತಾನೇ ಒಬ್ಬರು ವಾರ್ಡರ್ ಇದಾರೆ.

ಹೊರಗೆ ಬಂದ್ರೆ ಪಕ್ಕದಲ್ಲೇ ಟವರ್ ಬ್ರಿಡ್ಜ್, 1894ರದ್ದು. ಎಲ್ಲರೂ ಲಂಡನ್ ಬ್ರಿಡ್ಜ್ ಅಂತ ಫೋಟೋ ಹಾಕೋದು ಇದನ್ನೇ, ನಿಜವಾದ ಲಂಡನ್ ಬ್ರಿಡ್ಜ್ ಸ್ವಲ್ಪ ಆಚೆ ಇದೆ, ಸಾದಾ ಕಾಂಕ್ರೀಟ್ ಸೇತುವೆ. ದೊಡ್ಡ ದೋಣಿ ಬಂದಾಗ ಟವರ್ ಬ್ರಿಡ್ಜ್ ಮಧ್ಯಕ್ಕೆ ಎರಡಾಗಿ ಮೇಲೇಳತ್ತೆ, ಯಾವ ದಿನ ಎಷ್ಟು ಗಂಟೆಗೆ ಅಂತ ಅವರ ವೆಬ್‌ಸೈಟಲ್ಲಿ ಮೊದಲೇ ಹಾಕಿರ್ತಾರೆ, ಆ ಟೈಮ್ ನೋಡ್ಕೊಂಡು ಟವರ್ ಟಿಕೆಟ್ ತಗೊಂಡ್ರೆ ಒಂದೇ ದಿನ ಎರಡೂ ಆಗತ್ತೆ.

ಸೇಂಟ್ ಪಾಲ್ಸ್ ಚರ್ಚ್ ಒಳಗೆ ಹೋಗೋದು ಬಿಡೋದು ನಿಮ್ಮಿಷ್ಟ. 1666ರ ದೊಡ್ಡ ಬೆಂಕೀಲಿ ಹಳೇ ಚರ್ಚ್ ಸುಟ್ಟೋದ್ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿದ್ದು, ಗುಮ್ಮಟದ ತುದಿಗೆ 528 ಮೆಟ್ಟಿಲು. ಅದನ್ನ ಹತ್ತೋಕಾಗಲ್ಲ ಅನ್ನೋರಿಗೆ ಒಂದು ದಾರಿ ಇದೆ, ಚರ್ಚಿನ ಹಿಂದೇನೇ ಒನ್ ನ್ಯೂ ಚೇಂಜ್ ಅನ್ನೋ ಶಾಪಿಂಗ್ ಕಟ್ಟಡ, ಲಿಫ್ಟಲ್ಲಿ ಮೇಲೆ ಹೋದ್ರೆ ಟೆರೇಸ್, ದುಡ್ಡಿಲ್ಲ, ಗುಮ್ಮಟ ಕೈಗೆ ಸಿಗೋ ಹಾಗೆ ಎದುರಿಗೇ ಇರತ್ತೆ.

ಇನ್ನೊಂದು ದಿನ ಮ್ಯೂಸಿಯಂಗೆ ಇಡಿ. ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಪುಕ್ಕಟೆ, ಇದು ಈ ಊರಿನ ದೊಡ್ಡ ಗುಣ. ಕನ್ನಡದವರು ಮೊದಲು ಹೋಗ್ಬೇಕಾಗಿದ್ದು ಸೌತ್ ಕೆನ್ಸಿಂಗ್ಟನ್‌ನಲ್ಲಿರೋ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ, ಯಾಕಂದ್ರೆ ಟಿಪ್ಪುವಿನ ಹುಲಿ ಅವರ ಹತ್ರ ಇದೆ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತಲ್ಲ, ಆಗ ಅರಮನೆಯಿಂದ ಎತ್ಕೊಂಡು ಬಂದಿದ್ದು. ಮರದ್ದು, ಸುಮಾರು ಆರಡಿ ಉದ್ದ, ಯುರೋಪಿನ ಸಿಪಾಯಿ ಒಬ್ಬ ಅಂಗಾತ ಬಿದ್ದಿದಾನೆ, ಹುಲಿ ಅವನ ಕುತ್ತಿಗೆಗೆ ಬಾಯಿ ಹಾಕಿದೆ. ಹತ್ರ ಬಗ್ಗಿ ನೋಡಿ, ಹುಲಿ ಮೈಗೆ ಒಂದು ಹಿಡಿ ಇದೆ, ಅದನ್ನ ತಿರುಗಿಸಿದ್ರೆ ಸಿಪಾಯಿ ಕೈ ಮೇಲೆ ಕೆಳಗೆ ಆಡತ್ತೆ, ಒಳಗಿನ ತಿದಿಯಿಂದ ಗಾಳಿ ಹೋಗಿ ಅವನ ನರಳಾಟ, ಹುಲಿಯ ಗುರ್ ಅನ್ನೋ ಸದ್ದು ಎರಡೂ ಬರತ್ತೆ. ಹುಲಿಯ ಪಕ್ಕೆಲಿ ಒಂದು ಬಾಗಿಲು, ಅದರೊಳಗೆ ಆರ್ಗನ್ ವಾದ್ಯದ ಕೀಗಳು. ಅಪ್ಪ ಮಂಡ್ಯದ ಕಡೆಯವರು, ದರಿಯಾ ದೌಲತ್ತಿಗೆ ಸ್ಕೂಲ್ ಟ್ರಿಪ್ಪಲ್ಲಿ ಹೋಗಿ ಗೋಡೆ ಚಿತ್ರ ನೋಡಿ ಬೆಳೆದವರು, ಈ ಹುಲಿ ಮುಂದೆ ನಿಂತು "ನಮ್ಮೂರಿಂದ ಹದಿನೈದು ಕಿಲೋಮೀಟರ್ ದೂರದಲ್ಲಿದ್ದಿದ್ದು ಇದು, ಇದನ್ನ ನೋಡೋಕೆ ನಾನು ಇಷ್ಟು ದೂರ ಬರ್ಬೇಕಾಯ್ತು" ಅಂದ್ರು. ಸುಮಾರು ಅರ್ಧ ಗಂಟೆ ಅಲ್ಲಿಂದ ಅಲ್ಲಾಡ್ಲಿಲ್ಲ. ನೀವು ಹೋಗೋ ಮುಂಚೆ ಹುಲಿ ಆಗ ನೋಡೋಕೆ ಸಿಗತ್ತಾ, ಯಾವ ರೂಮಲ್ಲಿ ಅಂತ ಮ್ಯೂಸಿಯಂ ವೆಬ್‌ಸೈಟಲ್ಲಿ ಖಂಡಿತ ನೋಡ್ಕೊಳ್ಳಿ, ಗ್ಯಾಲರಿಗಳನ್ನ ಆಗಾಗ ರಿಪೇರಿಗೆ ಮುಚ್ತಾರೆ, ಅಷ್ಟು ದೂರ ಬಂದು ಬಾಗಿಲು ಹಾಕಿದ್ರೆ ಹೊಟ್ಟೆ ಉರಿಯತ್ತೆ. ಶುಕ್ರವಾರ ರಾತ್ರಿ ಹತ್ತರವರೆಗೂ ತೆಗೆದಿರತ್ತೆ, ಸಂಜೆ ಹೋದ್ರೆ ಜನ ಕಮ್ಮಿ. ಮಕ್ಕಳಿದ್ರೆ ರಸ್ತೆ ದಾಟಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಕರ್ಕೊಂಡ್ ಹೋಗಿ, ಒಳಗೆ ಹೋಗ್ತಿದ್ದ ಹಾಗೇ ತಲೆ ಮೇಲೆ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗಾಡ್ತಿರತ್ತೆ, 25 ಮೀಟರ್.

ಬ್ರಿಟಿಷ್ ಮ್ಯೂಸಿಯಂ ಪೂರ್ತಿ ನೋಡ್ತೀನಿ ಅಂತ ಹೊರಡ್ಬೇಡಿ, ವಾರ ಬೇಕು. ಟೈಮ್ ಸ್ಲಾಟ್ ಆನ್‌ಲೈನ್ ಬುಕ್ ಮಾಡ್ಕೊಂಡ್ರೆ ಗೇಟಲ್ಲಿ ಕಾಯೋದು ತಪ್ಪತ್ತೆ, ದುಡ್ಡಿಲ್ಲ. ನಾಲ್ಕನೇ ರೂಮಲ್ಲಿ ರೊಸೆಟಾ ಕಲ್ಲು, ಈಜಿಪ್ಟಿನ ಎರಡು ಲಿಪಿ ಒಂದು ಗ್ರೀಕ್ ಲಿಪಿ ಒಂದೇ ಶಾಸನದಲ್ಲಿ, ಅದರಿಂದಾನೇ ಈಜಿಪ್ಟಿನ ಚಿತ್ರಲಿಪಿ ಓದೋಕೆ ಕಲಿತಿದ್ದು. ಅದು ಸಿಕ್ಕಿದ್ದೂ 1799ರಲ್ಲೇ, ಶ್ರೀರಂಗಪಟ್ಟಣ ಬಿದ್ದು ಎರಡು ತಿಂಗಳಿಗೆ. ಆಮೇಲೆ 33ಎ ರೂಮಲ್ಲಿ ಆಂಧ್ರದ ಅಮರಾವತಿ ಸ್ತೂಪದ ಬಿಳಿ ಕಲ್ಲಿನ ಕೆತ್ತನೆಗಳು, ಗಾಜಿನ ಗೋಡೆ ಹಿಂದೆ ಸಾಲಾಗಿ. ಮುಂದಿನ ಹಾಲಲ್ಲಿ ಕಾಫಿ ಕುಡಿದು ಹೊರಟುಬಿಡಿ, ಅಷ್ಟು ಸಾಕು.

ಊಟದ್ದು ಒಂದ್ ಮಾತು. ಸಸ್ಯಾಹಾರಿಗಳಿಗೆ ಈ ಊರಲ್ಲಿ ಕಷ್ಟ ಇಲ್ಲ, ಪ್ಯಾಕೆಟ್ ಮೇಲೆಲ್ಲ ವೆಜಿಟೇರಿಯನ್ ಅಂತ ಬರೆದಿರ್ತಾರೆ. ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟಲ್ಲಿ ಇಂಡಿಯನ್ ಸಸ್ಯಾಹಾರಿ ಹೋಟೆಲ್‌ಗಳಿವೆ, ಬ್ರಿಟಿಷ್ ಮ್ಯೂಸಿಯಂ ನೋಡಿದ ದಿನ ಅಲ್ಲಿಗೆ ಹೋಗೋದು ಸುಲಭ. ದೋಸೆ ಇಡ್ಲಿನೇ ಬೇಕು ಅಂದ್ರೆ ಈಸ್ಟ್ ಹ್ಯಾಮ್, ಸ್ವಲ್ಪ ದೂರ. ಮಧ್ಯಾಹ್ನಕ್ಕೆ ನಾವು ಚಪಾತಿ, ಚಟ್ನಿಪುಡಿ ಕಟ್ಕೊಂಡು ಹೋಗಿ ಪಾರ್ಕಲ್ಲಿ ಕೂತು ತಿಂತೀವಿ, ಎಲ್ಲರೂ ಹಾಗೇ ಮಾಡೋದು ಇಲ್ಲಿ. ನಲ್ಲಿ ನೀರು ಕುಡಿಯಬಹುದು, ಬಾಟಲ್ ತುಂಬ್ಸ್ಕೊಳ್ಳಿ. ಟಾಯ್ಲೆಟ್ಟಿಗೆ ಪುಕ್ಕಟೆ ಮ್ಯೂಸಿಯಂಗಳೇ ಗತಿ.

ವೆಸ್ಟ್‌ಮಿನ್ಸ್ಟರ್ ಕಡೆ ನಾನು ಕೊನೇ ದಿನಕ್ಕೆ ಇಡೋದು, ಅದೂ ಸೋಮವಾರ, ಬುಧವಾರ ಇಲ್ಲಾ ಶುಕ್ರವಾರ ಬರೋ ಹಾಗೆ. ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲು ಬದಲಾಯಿಸೋ ಮೆರವಣಿಗೆ ಸಾಮಾನ್ಯವಾಗಿ ಆ ದಿನಗಳಲ್ಲಿ, ಭಾನುವಾರಾನೂ ಇರತ್ತೆ, ಬೆಳಿಗ್ಗೆ 11ಕ್ಕೆ. ಹತ್ತಕ್ಕೇ ಹೋಗಿ ನಿಲ್ಬೇಕು, ಜನವೋ ಜನ, ಮೈಸೂರು ದಸರಾ ದಿನ ಸಯ್ಯಾಜಿರಾವ್ ರಸ್ತೇಲಿ ಜಾಗ ಹಿಡಿಯೋ ಹಾಗೆ. ಅಷ್ಟು ಹೊತ್ತು ನಿಲ್ಲೋಕಾಗಲ್ಲ ಅಂದ್ರೆ ವೈಟ್‌ಹಾಲ್ ಪಕ್ಕದ ಹಾರ್ಸ್ ಗಾರ್ಡ್ಸ್‌ಗೆ ಹೋಗಿ, ಕುದುರೆ ಮೇಲಿನ ಕಾವಲುಗಾರರು ಬದಲಾಗ್ತಾರೆ, ಅದೂ ಭಾನುವಾರ ಬಿಟ್ಟು ದಿನಾ 11ಕ್ಕೆ, ಮುಂದೇನೇ ನಿಂತು ನೋಡಬಹುದು. ಎರಡರ ಮಧ್ಯೆ ಸೇಂಟ್ ಜೇಮ್ಸ್ ಪಾರ್ಕ್, 1664ರಿಂದ ಅಲ್ಲಿ ಪೆಲಿಕನ್ ಹಕ್ಕಿ ಸಾಕಿದಾರೆ, ಊಟದ ಡಬ್ಬಿ ತೆಗೆಯೋಕೆ ಅದೇ ಜಾಗ.

ವೆಸ್ಟ್‌ಮಿನ್ಸ್ಟರ್ ಆಬಿ ಒಳಗೆ ನ್ಯೂಟನ್, ಡಾರ್ವಿನ್, ಸ್ಟೀಫನ್ ಹಾಕಿಂಗ್ ಸಮಾಧಿ ಇದೆ, 1066ರಿಂದ ಇಲ್ಲೇ ಪಟ್ಟಾಭಿಷೇಕ. ಟಿಕೆಟ್ ಜಾಸ್ತಿ ಅನ್ನಿಸಿದ್ರೆ ಸಂಜೆ ಈವನ್‌ಸಾಂಗ್ ಪ್ರಾರ್ಥನೆಗೆ ಹೋಗಿ, ಅದು ಪುಕ್ಕಟೆ, ಸಮಾಧಿ ಸುತ್ತೋಕಾಗಲ್ಲ, ಆದ್ರೆ ಆ ಎತ್ತರದ ಕಲ್ಲಿನ ಚಾವಣಿ ಕೆಳಗೆ ಕೂತು ಹಾಡು ಕೇಳೋದು ಬೇರೇನೇ. ಅದು ಪ್ರಾರ್ಥನೆ, ಶೋ ಅಲ್ಲ, ಫೋನ್ ಆಫ್ ಮಾಡಿ ಸುಮ್ನೆ ಕೂತ್ಕೊಳ್ಳಿ.

ಎದುರಿಗೇ ಬಿಗ್ ಬೆನ್. ಬಿಗ್ ಬೆನ್ ಅನ್ನೋದು ನಿಜವಾಗಿ ಒಳಗಿರೋ 13.7 ಟನ್ ಗಂಟೆ ಹೆಸರು, ಗೋಪುರಕ್ಕೆ ಎಲಿಜಬೆತ್ ಟವರ್ ಅಂತಾರೆ. 1859ರಲ್ಲಿ ಬಾರಿಸೋಕೆ ಶುರು ಮಾಡಿ ಸ್ವಲ್ಪ ತಿಂಗಳಿಗೇ ಬಿರುಕು ಬಿಡ್ತು, ಗಂಟೆನ ಸ್ವಲ್ಪ ತಿರುಗಿಸಿ ಹಗುರ ಸುತ್ತಿಗೆ ಹಾಕಿದ್ರು, ಇವತ್ತಿಗೂ ಅದೇ ಬಿರುಕಿನ ಗಂಟೆ. ಸರಿಯಾಗಿ ಗಂಟೆ ಹೊಡೆಯೋ ಐದು ನಿಮಿಷ ಮುಂಚೆ ವೆಸ್ಟ್‌ಮಿನ್ಸ್ಟರ್ ಸೇತುವೆ ಮೇಲಿರಿ. ಅಲ್ಲಿ ನೆಲದ ಮೇಲೆ ಮೂರು ಲೋಟ ಇಟ್ಟು ಚೆಂಡು ಯಾವುದರ ಕೆಳಗಿದೆ ಹೇಳಿ ಅನ್ನೋರು ಇರ್ತಾರೆ, ಗೆದ್ದೆ ಅಂತ ಕುಣಿಯೋರೂ ಅವರ ಕಡೆಯವರೇ, ನಿಲ್ಲಲೇ ಬೇಡಿ. ಫೋನ್ ರಸ್ತೆ ಅಂಚಲ್ಲಿ ಹಿಡ್ಕೊಂಡು ನಿಲ್ಬೇಡಿ, ಸೈಕಲ್ಲಲ್ಲಿ ಬಂದು ಕಿತ್ಕೊಂಡು ಹೋಗ್ತಾರೆ.

ಸೇತುವೆ ದಾಟಿ ಆ ಕಡೆ ಇಳಿದು ಬಲಕ್ಕೆ ತಿರುಗಿ, ನದಿ ಪಕ್ಕದ ದಾರಿ ಹಿಡೀರಿ. ಎಡಗಡೆ ಉದ್ದಕ್ಕೂ ಒಂದು ಗೋಡೆ, ತುಂಬಾ ಕೆಂಪು ಹೃದಯಗಳು, ಕೋವಿಡ್‌ನಲ್ಲಿ ತೀರ್ಕೊಂಡ ಒಬ್ಬೊಬ್ಬರಿಗೆ ಒಂದೊಂದು ಅಂತ 2021ರಲ್ಲಿ ಬರೆಯೋಕೆ ಶುರು ಮಾಡಿದ್ದು. ಹತ್ರ ಹೋಗಿ ಹೆಸರುಗಳನ್ನ ಓದಿ. ನದಿ ಆಚೆ ಪಾರ್ಲಿಮೆಂಟ್ ಕಟ್ಟಡ ಪೂರ್ತಿ ಕಾಣೋದು ಇಲ್ಲಿಂದಾನೇ, ಫೋಟೋಗೂ ಇದೇ ಜಾಗ. ಹಾಗೇ ನಡೀತಾ ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಡದಲ್ಲಿ ಸ್ವಲ್ಪ ಮುಂದೆ ಹೋದ್ರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್, ಅಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ. ಕಲಬುರಗಿ ಮೂಲದ, ಲ್ಯಾಂಬೆತ್ ಮೇಯರ್ ಆಗಿದ್ದ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು, 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ್ರು. ಆರಾಮಾಗಿ ನಡೆದ್ರೂ ಬಿಗ್ ಬೆನ್ ಪಕ್ಕದ ಸೇತುವೆಯಿಂದ ಇಪ್ಪತ್ತೈದು ನಿಮಿಷ ಸಾಕು, ದಾರೀಲಿ ಬೆಂಚ್‌ಗಳಿವೆ.

ಅಮ್ಮ ಅಲ್ಲಿಗೆ ಹೋಗೋದು ಮೊದಲೇ ತಿಳ್ಕೊಂಡು ಬೆಳಿಗ್ಗೆನೇ ಸೂಪರ್ ಮಾರ್ಕೆಟ್ಟಲ್ಲಿ ಹಳದಿ ಹೂವಿನ ಒಂದು ಕಟ್ಟು ತಗೊಂಡು ಇಡೀ ದಿನ ಬ್ಯಾಗಿಂದ ಹೊರಗೆ ಹಿಡ್ಕೊಂಡೇ ಓಡಾಡಿದ್ರು. ಪ್ರತಿಮೆ ಕೆಳಗೆ ಹೂವಿಟ್ಟು, ಶೂಸ್ ಬಿಚ್ಚಿ ಪಕ್ಕಕ್ಕಿಟ್ಟು, ಒಂದು ವಚನ ಹೇಳಿದ್ರು. ಓಡ್ತಾ ಬಂದ ಒಬ್ಬ ಹುಡುಗಿ ನಿಂತು, ಇವರು ಯಾರು ಅಂತ ಕೇಳಿದ್ಲು. ಅಪ್ಪ ಅವರಿಗೆ ಬಂದ ಇಂಗ್ಲಿಷಲ್ಲೇ ಹೇಳ್ತಾ ಹೋದ್ರು, ಹನ್ನೆರಡನೇ ಶತಮಾನ, ಕಲ್ಯಾಣ, ಅನುಭವ ಮಂಟಪ ಅಂತ, ಆ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ಹತ್ತು ನಿಮಿಷ ಕೇಳಿಸ್ಕೊಂಡ್ಲು. ಅಷ್ಟು ಹೊತ್ತಿಗೆ ನದಿ ಆಚೆ ದೀಪ ಹತ್ಕೊಂಡ್ವು. ನೀವು ಹೋಗುವಾಗ್ಲೂ ಸಂಜೆಗೇ ಹೋಗಿ, ಹೂವು ಬೆಳಿಗ್ಗೆನೇ ತಗೊಂಡಿರಿ, ಆ ಕಡೆ ಹೂವಿನ ಅಂಗಡಿ ಹುಡುಕ್ತಾ ಹೊತ್ತು ಕಳೀಬೇಡಿ.