ಮೈಸೂರು ಪಾಕ್ ಕಲ್ಲಾಗುತ್ತಿತ್ತು: ತಪ್ಪು ತುಪ್ಪದ ಬಿಸಿಯಲ್ಲಿತ್ತು

ಆರು ಸಲ ಮಾಡಿದೆ. ಆರೂ ಸಲ ಒಂದು ತೂತೂ ಇಲ್ಲದೆ ಇಟ್ಟಿಗೆ ಹಾಗೆ ಗಟ್ಟಿ.

ತುಪ್ಪ ಜಾಸ್ತಿ ಹಾಕಿದೆ, ತಳದಲ್ಲಿ ನಿಂತಿತು. ಸಕ್ಕರೆ ಇಳಿಸಿದೆ, ಹಲ್ವಾ ಆಯಿತು. ಸೋಡಾ ಹಾಕಿದೆ, ಬರೀ ಸೋಡಾ ರುಚಿ.

ನಾನು ಸುಮ್ನೆ ಕರಗಿಸಿದ ತುಪ್ಪ ಹಾಕುತ್ತಿದ್ದೆ. ಪಾಕದಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ, ಅಲ್ವಾ? ತುಪ್ಪ 100 ಡಿಗ್ರಿಗಿಂತ ಚೆನ್ನಾಗಿ ಮೇಲಿದ್ದರೆ ಆ ನೀರು ಥಟ್ಟನೆ ಆವಿಯಾಗಿ ಹಿಟ್ಟನ್ನು ಉಬ್ಬಿಸುತ್ತದೆ. ತೂತು ಬೀಳುವುದು ಹೀಗೆ. ಆರುವಾಗ ಸಕ್ಕರೆ ಹರಳುಗಟ್ಟಿ ಅವನ್ನು ಹಾಗೇ ಹಿಡಿದಿಡುತ್ತದೆ.

ಅಳತೆ: ಕಡಲೆಹಿಟ್ಟು 1 ಬಟ್ಟಲು, ಸಕ್ಕರೆ 2, ತುಪ್ಪ 2, ನೀರು ಅರ್ಧ. ಪಕ್ಕದ ಒಲೆಯಲ್ಲಿ ತುಪ್ಪ ಕೊನೆತನಕ ಸಣ್ಣ ಉರಿಯಲ್ಲಿ ಕಾಯುತ್ತಲೇ ಇರಬೇಕು. ನಾನು ಥರ್ಮಾಮೀಟರ್ ಹಿಡಿದು 170 ಡಿಗ್ರಿ ಹತ್ತಿರ ಇಟ್ಟೆ. ಒಂದೆಳೆ ಪಾಕಕ್ಕೆ ಹಿಟ್ಟು ಉದುರಿಸಿ, ಗಂಟಿಲ್ಲದೆ ತಿರುವಿ. ಆಮೇಲೆ ಒಂದೊಂದೇ ಸೌಟು ತುಪ್ಪ. ಪ್ರತಿ ಸಲ ಚುರ್ ಅನ್ನಬೇಕು. ಅನ್ನದಿದ್ದರೆ ಸುರಿಯುವುದು ನಿಲ್ಲಿಸಿ, ತುಪ್ಪ ಇನ್ನಷ್ಟು ಕಾಯಲಿ. ನೊರೆಯೆದ್ದು ಬಾಣಲೆಯ ಅಂಚು ಬಿಟ್ಟ ತಕ್ಷಣ ಆಳದ ತಟ್ಟೆಗೆ ಸುರಿಯಿರಿ. ಒತ್ತಿ ಮಟ್ಟ ಮಾಡಬೇಡಿ, ತೂತು ಮುಚ್ಚಿಹೋಗುತ್ತವೆ. ಬಿಸಿ ಇರುವಾಗಲೇ ಕತ್ತರಿಸಿ.