ಬೀದಿಯಿಂದ ನೋಡಿದ ಮನೆ

2022ರ ಸೆಪ್ಟೆಂಬರ್ ಕೊನೆಯ ವಾರ. ‘ಇಯಾನ್’ ಚಂಡಮಾರುತ ಅಮೆರಿಕದ ಫ್ಲಾರಿಡಾದಲ್ಲಿ ನಾವಿದ್ದ ಟ್ಯಾಂಪಾಕ್ಕೇ ಬರಬಹುದೆಂಬ ಮಾತಿದ್ದಾಗ ನಾವು ಚೀಲ ಕಟ್ಟಿಕೊಂಡು ಕೇಪ್ ಕೋರಲ್‌ನಲ್ಲಿರುವ ಅಕ್ಕನ ಮನೆಗೆ ಹೊರಡುವವರಿದ್ದೆವು. ಅಕ್ಕ, ಭಾವ ದಸರೆಗೆಂದು ಮೈಸೂರಿಗೆ ಹೋಗಿದ್ದರು. ಬೀಗದ ಕೈ ನಮ್ಮ ಹತ್ತಿರವೇ ಇತ್ತು. ಅಷ್ಟರಲ್ಲಿ ಮುನ್ಸೂಚನೆಯ ಗೆರೆ ದಕ್ಷಿಣಕ್ಕೆ ಜರುಗಿತು. 28ರ ಬುಧವಾರ ಮಧ್ಯಾಹ್ನ ಮೂರರ ಸುಮಾರಿಗೆ, ಗಂಟೆಗೆ 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ, ಅದು ಕಾಯೋ ಕೋಸ್ಟಾ ದ್ವೀಪದಲ್ಲಿ ದಡ ಮುಟ್ಟಿತು. ಅಲ್ಲಿಂದ ಅಕ್ಕನ ಮನೆ ಹೆಚ್ಚು ದೂರವಿಲ್ಲ. ಇತ್ತ ಟ್ಯಾಂಪಾ ಕೊಲ್ಲಿಯ ನೀರನ್ನು ಗಾಳಿ ಹಿಂದಕ್ಕೆ ತಳ್ಳಿ ತಳದ ಕೆಸರು ಬಯಲಾಗಿತ್ತು. ಆಶ್ರಯ ಬೇಡಿ ಹೋಗಬೇಕಿದ್ದ ಮನೆಯನ್ನು ಈಗ ನಾವೇ ವಿಚಾರಿಸಿಕೊಳ್ಳಬೇಕಾಯಿತು.

ಶುಕ್ರವಾರವೇ ಹೊರಡುವ ಆತುರ ನನಗೆ. ಯಜಮಾನರು ತಡೆದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು: ಆ ರಾತ್ರಿ ಮಯಾಕ್ಕಾ ನದಿ ಉಕ್ಕಿ, ದಕ್ಷಿಣಕ್ಕೆ ಹೋಗುವ ಐ-75 ಹೆದ್ದಾರಿಯನ್ನೇ ಮುಚ್ಚಿದರು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ರಸ್ತೆ ಮುಳುಗುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಒಳನಾಡಿನಲ್ಲಿ ಬಿದ್ದ ನೀರು ನದಿಗಿಳಿದು ಬರಲು ದಿನಗಳೇ ಹಿಡಿಯುತ್ತವೆ. ಶನಿವಾರ ರಸ್ತೆ ತೆರೆಯಿತು. ನಾವು 2ನೇ ತಾರೀಖಿನ ಭಾನುವಾರ ನಸುಕಿನಲ್ಲಿ ಹೊರಟೆವು.

ಹೋಗಿಬರುವಷ್ಟು ಪೆಟ್ರೋಲನ್ನು ಟ್ಯಾಂಪಾದಲ್ಲೇ ತುಂಬಿಸಿದ್ದೆವು. ಕುಡಿಯುವ ನೀರು, ಕಾರ್ಡ್ ಯಂತ್ರ ನಡೆಯದಿದ್ದರೆ ಎಂದು ನಗದು, ಮೊಣಕಾಲುದ್ದದ ರಬ್ಬರ್ ಬೂಟು, ಕೈಗವಸು, ಟಾರ್ಚ್, ಅಳತೆ ಪಟ್ಟಿ ಇದ್ದವು. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡಿದ್ದೆ. ಮರೆತದ್ದು ಹೆಚ್ಚುವರಿ ಚಕ್ರವನ್ನು. ಬೀದಿ ತುಂಬ ಹಾರಿಬಿದ್ದ ಚಾವಣಿಯ ಮೊಳೆಗಳಿದ್ದವು. ಸಂಜೆಯ ಹೊತ್ತಿಗೆ ಹಿಂದಿನ ಟೈರು ಕೂತುಬಿಟ್ಟಿತು. ಅದನ್ನು ರಿಪೇರಿ ಮಾಡಿಕೊಂಡು ಹೊರಡುವಷ್ಟರಲ್ಲಿ ರಾತ್ರಿ ಕರ್ಫ್ಯೂ ಎಲ್ಲಿ ಶುರುವಾಗುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ದಾರಿಯಲ್ಲಿ ಮೊದಲು ಸಿಕ್ಕಿದ್ದು ಪೋರ್ಟ್ ಷಾರ್ಲೆಟ್, ಚಿಕ್ಕಮ್ಮನ ಮನೆ. ಅವರೂ ಚಿಕ್ಕಪ್ಪನೂ ಅಟ್ಲಾಂಟಾಕ್ಕೆ, ಮಗನ ಮನೆಗೆ ಹೋಗಿದ್ದರು. ಮನೆಯ ಮುಂದೆ ನಿಂತ ಮೇಲೆ ಗೊತ್ತಾಯಿತು, ನಮ್ಮಲ್ಲಿ ಕೀಲಿಯೇ ಇಲ್ಲ. ಅವರು ವರ್ಷಗಳಿಂದ ಗ್ಯಾರೇಜಿನ ಬಾಗಿಲಿಗೆ ಅಂಕಿ ಒತ್ತಿಯೇ ಒಳಗೆ ಹೋಗುವವರು. ಕರೆಂಟಿಲ್ಲದೆ ಆ ಬಾಗಿಲು ಮೇಲೇಳುವುದಿಲ್ಲ. ಬೀದಿಯಿಂದ ನೋಡಿದೆ: ಚಾವಣಿ ಇದೆ, ಗಾಜು ಒಡೆದಿಲ್ಲ, ನೀರು ನುಗ್ಗಿದ ಗುರುತಿಲ್ಲ. ಹಿತ್ತಿಲಿಗೆ ಹೋಗುವ ದಾರಿಗೆ ಓಕ್ ಮರ ಅಡ್ಡ ಬಿದ್ದಿತ್ತು. ಕರೆ ಹೋಗದಿದ್ದರೂ ಸಂದೇಶ ಹೋಗುತ್ತಿತ್ತು. ‘ಮನೆ ಚೆನ್ನಾಗಿದೆ, ಯೋಚಿಸಬೇಡಿ’ ಎಂದು ಬರೆದು ಕಳಿಸಿದೆ.

ಅಕ್ಕನ ಮನೆಯಲ್ಲಿ ಇಷ್ಟು ಸಲೀಸಾಗಿರಲಿಲ್ಲ. ಕೇಪ್ ಕೋರಲ್ ಎಂದರೆ ಕಾಲುವೆಗಳ ಊರು, ಒಟ್ಟು ಉದ್ದ 640 ಕಿಲೋಮೀಟರ್. ಅಕ್ಕನ ಹಿತ್ತಿಲು ಮುಗಿಯುವುದೇ ಅಂಥದೊಂದು ಕಾಲುವೆಯಲ್ಲಿ. ಸಮುದ್ರ ಅದೇ ದಾರಿಯಲ್ಲಿ ಬಂದು ಮರಳಿ ಹೋಗಿತ್ತು. ಬಾಗಿಲು ಉಬ್ಬಿಕೊಂಡು ತಳ್ಳಿದರೂ ಬರಲಿಲ್ಲ, ಭುಜ ಕೊಟ್ಟು ನೂಕಿದೆವು. ಒಳಗೆ ಕಾರ್ಪೆಟ್ಟು ಕಾಲಿಟ್ಟಲ್ಲೆಲ್ಲ ಪಚಪಚ ಎನ್ನುತ್ತಿತ್ತು. ಗೋಡೆಯ ಮೇಲೆ ಕಂದು ಗೆರೆ, ನೆಲದಿಂದ ಹದಿಮೂರು ಅಂಗುಲ.

ಮುಖ್ಯ ಸ್ವಿಚ್ ಗ್ಯಾರೇಜಿನಲ್ಲಿ, ಒದ್ದೆ ನೆಲದ ಆಚೆ. ಅದನ್ನು ಮುಟ್ಟಲಿಲ್ಲ. ಭಾವನ ಬ್ಯಾಟರಿ ಕಾರನ್ನೂ ಚಾಲೂ ಮಾಡಲಿಲ್ಲ. ಉಪ್ಪುನೀರು ಹೊಕ್ಕ ಬ್ಯಾಟರಿ ದಿನಗಳ ನಂತರವೂ ತಾನಾಗಿ ಹೊತ್ತಿಕೊಳ್ಳಬಹುದು. ಇಯಾನ್ ನಂತರ ಫ್ಲಾರಿಡಾದಲ್ಲಿ ಅಂಥ ಬೆಂಕಿಗಳಾದವು. ನೆರೆಮನೆಯವರು ಟ್ರಕ್ಕಿಗೆ ಕಟ್ಟಿ ಅದನ್ನು ಮನೆಯಿಂದ ದೂರ ಎಳೆದು ನಿಲ್ಲಿಸಿಕೊಟ್ಟರು.

ಕಸಬರಿಕೆ ಹಿಡಿಯಲು ಕೈ ತುರಿಸುತ್ತಿತ್ತು. ಬೇಡ, ಮೊದಲು ಫೋಟೊ ಎಂದು ನಿಂತೆ. ಪ್ರತಿ ಕೋಣೆಯ ನಾಲ್ಕು ಗೋಡೆ, ಗೆರೆಯ ಪಕ್ಕ ಅಳತೆ ಪಟ್ಟಿ ಹಿಡಿದದ್ದು, ಫ್ರಿಜ್ಜು, ಬಟ್ಟೆ ತೊಳೆಯುವ ಯಂತ್ರಗಳ ಹಿಂದಿನ ಸಂಖ್ಯೆ, ಕಪಾಟಿನ ಕೆಳಗಿನ ಅರೆ. ಅಮೆರಿಕದಲ್ಲಿ ಸಾಮಾನ್ಯ ಮನೆವಿಮೆ ಪ್ರವಾಹದ ಹಾನಿಗೆ ಹಣ ಕೊಡುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ. ಹಾಗಾಗಿ ಗಾಳಿ ಮಾಡಿದ್ದೆಷ್ಟು, ನೀರು ಮಾಡಿದ್ದೆಷ್ಟು ಎಂಬ ತಕರಾರು ಬಂದೇ ಬರುತ್ತದೆ. ಒರೆಸಿಬಿಟ್ಟ ಗೋಡೆ ಆಗ ಸಾಕ್ಷಿ ಹೇಳುವುದಿಲ್ಲ. ಬಿಸಾಡಿದ ಕಾರ್ಪೆಟ್ಟಿನಿಂದಲೂ ಒಂದು ತುಂಡು ಕತ್ತರಿಸಿ ಇಟ್ಟುಕೊಂಡೆವು.

ಮಧ್ಯಾಹ್ನ ಹನ್ನೆರಡಕ್ಕೆ ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ. ಸಿಗ್ನಲ್ ಸಿಗುವ ಸೇತುವೆಯ ಹತ್ತಿರ ಬಂದು ಅಕ್ಕನಿಗೆ ಕರೆ ಮಾಡಿದೆ. ‘ನೀರು ಬಂದಿದೆ, ಹದಿಮೂರು ಅಂಗುಲ’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಮುಂದೆ ಹೇಳು’ ಎಂದಳು. ಒಂದೊಂದು ಕೋಣೆಯನ್ನೂ ಹೇಳುತ್ತಾ ಹೋದೆ. ಅಂಗುಲದ ಲೆಕ್ಕ ಸಿಕ್ಕ ಮೇಲೆ ಭಾವನಿಗೂ ಕೆಲಸ ಸಿಕ್ಕಿತು; ಮರುದಿನವೇ ವಿಮೆಯವರಿಗೆ ತಿಳಿಸಿ, ನೆನೆದ ಗೋಡೆಹಲಗೆಯನ್ನು ಗೆರೆಗಿಂತ ಒಂದಡಿ ಮೇಲಿನವರೆಗೆ ಕೊಯ್ದು ತೆಗೆಯುವವರನ್ನು ಹುಡುಕಿದರು. ಬೂಷ್ಟು ಹಿಡಿಯಲು ಒಂದೆರಡು ದಿನ ಸಾಕು, ಆಗಲೇ ನಾಲ್ಕು ದಿನ ಕಳೆದಿತ್ತು.

ಮುಂದಿನ ಶನಿವಾರ ಮತ್ತೆ ಹೋದೆವು. ಪೋರ್ಟ್ ಷಾರ್ಲೆಟ್‌ನ ಆ ಬೀದಿಗೆ ಕರೆಂಟು ಬಂದಿತ್ತು. ಅಂಕಿ ಒತ್ತಿದೆ, ಗ್ಯಾರೇಜಿನ ಬಾಗಿಲು ಮೇಲೆದ್ದಿತು, ಜೊತೆಗೇ ಮುಗ್ಗಲು ವಾಸನೆ ಬಂತು. ಹಿಂದಿನ ಮಲಗುವ ಕೋಣೆಯ ಚಾವಣಿಯ ಹಲಗೆ ಕುಸಿದು ಮಂಚದ ಮೇಲೆ ಬಿದ್ದಿತ್ತು. ಸುತ್ತಲೂ ಕರಿ ಚುಕ್ಕೆಗಳು. ಹಿತ್ತಿಲ ಕಡೆಯ ಇಳಿಜಾರಿನಲ್ಲಿ ಚಾವಣಿಯ ಹೊದಿಕೆ ಒಂದು ಹಾಸಿಗೆಯಷ್ಟು ಕಿತ್ತುಹೋಗಿತ್ತು. ನಾನು ಬೀದಿಯಲ್ಲಿ ನಿಂತು ನೋಡಿದ್ದು ಮುಂದಿನ ಇಳಿಜಾರನ್ನು ಮಾತ್ರ. ಆ ಭಾನುವಾರ ಪಕ್ಕದವರ ಹಿತ್ತಿಲಿನಿಂದ ಇಣುಕಿದ್ದರೂ ಕಾಣುತ್ತಿತ್ತು, ಒಂದು ಟಾರ್ಪಾಲು ಹೊದಿಸಿ ಬರಬಹುದಿತ್ತು. ನನ್ನ ಸಂದೇಶ ನಂಬಿ ಅವರು ಯಾರಿಗೂ ಫೋನ್ ಮಾಡಿರಲಿಲ್ಲ.

ಈ ಸಲ ‘ಚೆನ್ನಾಗಿದೆ’ ಎನ್ನುವ ಮಾತನ್ನೇ ಎತ್ತದೆ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

‘ಫ್ರೀಜರಿನಲ್ಲಿ ಒಂದು ಲೋಟ ಇದೆ, ನೋಡು’ ಎಂದರು.

ನೋಡಿದೆ. ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿತ್ತು. ತುರಿದ ತೆಂಗಿನಕಾಯಿಯ ಪೊಟ್ಟಣಗಳು, ಊರಿನಿಂದ ತಂದ ಹಲಸಿನ ತೊಳೆ, ಏನೂ ಆಗದ ಹಾಗೆ ಸಾಲಾಗಿ ಕೂತಿದ್ದವು. ಹೊರಡುವ ಮುನ್ನ ಚಿಕ್ಕಮ್ಮ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಹೋಗಿದ್ದರು.

‘ನಾಣ್ಯ ಎಲ್ಲಿದೆ?’

‘ತಳದಲ್ಲಿ, ಚಿಕ್ಕಮ್ಮ.’

‘ಹಾಗಾದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿರುವುದು. ಎಸೆದುಬಿಡು, ಹಲಸನ್ನೂ.’